ಕಲ್ಲು ತೊಳೆಯುವ ಅಕ್ಕಿ

ಹೋದ ಸೋಮವಾರ ಭದ್ರಾವತಿಗೆ ಹೊರಟಿದ್ದೆ. ದಾರಿಯ ನಡುವೆ ಸ್ಕೂಟರಿನ ಹಿಂದಿನ ಗಾಲಿ ಪಂಚರ್ ಆಯಿತು. ತಳ್ಳಿಕೊಂಡು ಒಂದು ಫರ್ಲಾಂಗು ನಡೆದ ಮೇಲೆ ಹುಣಸೆಮರದ ಕೆಳಗೆ ಪಂಚರ್ ಅಂಗಡಿಯೊಂದು ಸಿಕ್ಕಿತು. ಅಂಗಡಿಯವನು ಟ್ಯೂಬನ್ನು ಹೊರಗೆಳೆದು, ತೂತಾದ ಜಾಗವನ್ನು ಅರದಿಂದ ಗಸಗಸ ಉಜ್ಜಿ, ಮೇಲೆ ಸಲ್ಯೂಷನ್ ಬಳಿದ. ಉಜ್ಜಿದ ರಬ್ಬರಿನ ಬಿಸಿ ವಾಸನೆಗೆ ಸಲ್ಯೂಷನ್ನಿನ ಘಾಟು ಸೇರಿ ಮೂಗಿಗೆ ಬಡಿದದ್ದೇ ತಡ, ನಾನು ಚಪ್ಪಲಿ ಬಿಚ್ಚಿ ಅಂಗಾಲನ್ನು ಎತ್ತಿ ನೋಡಿಕೊಂಡೆ. ಏನಾದರೂ ಚುಚ್ಚಿತೇ ಎಂದು ಅವನು ಕೇಳಿದ. ಇಲ್ಲ ಎಂದೆ. ಚುಚ್ಚಿದರೆ ನನಗೆ ಗೊತ್ತಾಗುವುದಿಲ್ಲ, ಅದಕ್ಕೇ ಆಗಾಗ ನೋಡಿಕೊಳ್ಳುವುದು ಎಂದು ಅವನಿಗೆ ಬಿಡಿಸಿ ಹೇಳುತ್ತಾ ಕೂರಲಿಲ್ಲ.

ಆ ವಾಸನೆ ನನಗೆ ತೊಂಬತ್ತೆಂಟನೇ ಇಸವಿಯದು. ಹತ್ತು ವರ್ಷ ದಾಟಿತು. ಆ ವರ್ಷ ಶ್ರಾವಣದಿಂದ ದೀಪಾವಳಿಯವರೆಗಿನ ಮೂರು ತಿಂಗಳಲ್ಲಿ ನಾನು ನನ್ನ ಕಾಲನ್ನೂ ಗಿರಣಿಯನ್ನೂ ಕಳೆದುಕೊಳ್ಳುವುದರಲ್ಲಿದ್ದೆ. ಎರಡೂ ಉಳಿದವು. ಉಳಿದದ್ದರಲ್ಲಿ ನನ್ನ ಜಾಣತನ ಏನೂ ಇಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಶಿವಮೊಗ್ಗದ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ನಮ್ಮ ಹಿಟ್ಟಿನ ಗಿರಣಿ ಇದೆ. ಅಪ್ಪ ಹಾಕಿದ್ದು. ಒಳಗೆ ಎರಡು ಯಂತ್ರ. ಎಡಕ್ಕಿರುವುದು ಅಕ್ಕಿ, ರಾಗಿ, ಗೋಧಿ ಬೀಸುವ ಕಲ್ಲಿನ ಯಂತ್ರ. ಬಲಕ್ಕೆ, ಅರ್ಧಗೋಡೆಯ ಆಚೆ, ಮೆಣಸಿನಕಾಯಿ ಪುಡಿ ಮಾಡುವುದು. ಬಾಗಿಲ ಪಕ್ಕದ ಗೋಡೆಯ ಮೇಲೆ ಅಪ್ಪ ಕೆಂಪು ಬಣ್ಣದಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಎಂದು ದೊಡ್ಡದಾಗಿ ಬರೆಸಿದ್ದರು. ನೆಲದ ಮೇಲೆ ಚೆಲ್ಲಿರುವುದು ಯಾರದೋ ಮನೆಯ ಊಟ, ಅದನ್ನು ಚಪ್ಪಲಿಗಾಲಲ್ಲಿ ತುಳಿಯಬಾರದು ಎನ್ನುವುದು ಅವರ ವಾದ. ಅಪ್ಪ ಹೋದ ಮೇಲೆ ನಾನು ಆ ಮಾತನ್ನು ಅವರಿಗಿಂತಲೂ ಬಿಗಿಯಾಗಿ ಹಿಡಿದುಕೊಂಡೆ. ಆಗೆಲ್ಲ ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಪೊಲೀಸಿನವರು ಬರಲಿ, ಬ್ಯಾಂಕಿನ ಮ್ಯಾನೇಜರ್ ಬರಲಿ, ಹೊಸ್ತಿಲಲ್ಲೇ ತಡೆದು ಚಪ್ಪಲಿ ಬಿಡಿಸುತ್ತಿದ್ದೆ. ನಾನಂತೂ ಬೆಳಿಗ್ಗೆ ಆರರಿಂದ ಸಂಜೆಯವರೆಗೆ ಬರಿಗಾಲಿನಲ್ಲೇ ಇರುತ್ತಿದ್ದೆ.

ಬರಿಗಾಲಿಗೆ ಇನ್ನೊಂದು ಕಾರಣವೂ ಇತ್ತು, ಅದು ಕಸುಬಿಗೆ ಸೇರಿದ್ದು. ಕಲ್ಲು ತಿರುಗುವಾಗ ನೆಲ ಸಣ್ಣಗೆ ನಡುಗುತ್ತದೆ. ಕಲ್ಲಿನ ಹಲ್ಲು ಸವೆದಿದ್ದರೆ ಒಂದು ಥರ, ಬೆಲ್ಟು ಸಡಿಲವಾಗಿದ್ದರೆ ಇನ್ನೊಂದು ಥರ. ಇಪ್ಪತ್ತು ವರ್ಷ ಅದರ ಪಕ್ಕದಲ್ಲಿ ನಿಂತವನಿಗೆ ಅದು ಅಂಗಾಲಿನಲ್ಲೇ ತಿಳಿಯುತ್ತದೆ. ಗಿರಾಕಿಗಳ ಜೊತೆ ಹರಟುತ್ತಾ ನಿಂತವನು ನಡುವೆ ಮಾತು ನಿಲ್ಲಿಸಿ ಮೋಟಾರು ಆರಿಸಿದೆ ಎಂದರೆ ಅಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ. ಇದನ್ನು ನೋಡಿ ಜನ ಬೆರಗಾಗುತ್ತಿದ್ದರು. ನನಗೂ ಒಳಗೊಳಗೇ ಜಂಬವಿತ್ತು.

ಗಿರಣಿಯ ಇನ್ನೊಂದು ವಿಷಯ ಹೇಳಲೇಬೇಕು. ಎಷ್ಟೇ ಗುಡಿಸಿದರೂ ಕಲ್ಲಿನ ಸಂದಿಯಲ್ಲಿ ಹಿಂದಿನವರ ಹಿಟ್ಟು ಒಂದು ಹಿಡಿ ಉಳಿಯುತ್ತದೆ. ಅದು ಮುಂದಿನವರ ಡಬ್ಬಿಗೆ ಹೋಗುತ್ತದೆ. ಆದ್ದರಿಂದ ಅಕ್ಕಿಯವರು ಅಕ್ಕಿಯವರ ಹಿಂದೆ, ರಾಗಿಯವರು ರಾಗಿಯವರ ಹಿಂದೆ ಡಬ್ಬಿ ಸಾಲಿಡುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಯಾರೂ ಬಾಯಿಬಿಟ್ಟು ಹೇಳದ ಲೆಕ್ಕವೂ ಒಂದಿತ್ತು. ಕೆಲವರು ಮುಂದಿರುವ ಕಾಳು ಯಾವುದೆಂದು ನೋಡುವುದರ ಜೊತೆಗೆ ಮುಂದಿರುವ ಮನುಷ್ಯ ಯಾರೆಂದೂ ನೋಡುತ್ತಿದ್ದರು. ಸರಿಬೀಳದಿದ್ದರೆ ತಮ್ಮ ಡಬ್ಬಿಯನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸುತ್ತಿದ್ದರು. ನಾನು ಕಂಡರೂ ಕಾಣದವನಂತೆ ಇರುತ್ತಿದ್ದೆ.

ಈ ವಿಷಯದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು ಸುಶೀಲಮ್ಮ ಟೀಚರದು. ನಾಲ್ಕನೇ ಕ್ಲಾಸಿನಲ್ಲಿ ನನಗೆ ಪಾಠ ಹೇಳಿದವರು. ರಿಟೈರ್ ಆದ ಮೇಲೂ ನನ್ನನ್ನು ಏಕವಚನದಲ್ಲೇ ಕರೆಯುತ್ತಿದ್ದರು. ಅವರು ಹಿಟ್ಟು ಮಾಡಿಸಲು ಬಂದರೆ ಡಬ್ಬಿಯ ಜೊತೆಗೆ ಒಂದು ಸಣ್ಣ ಬಟ್ಟೆಗಂಟು ಇರುತ್ತಿತ್ತು. ಅದರಲ್ಲಿ ಎರಡು ಹಿಡಿ ನುಚ್ಚಕ್ಕಿ. ಅದನ್ನು ಮೊದಲು ಹಾಕಿ ಬೀಸಿ, ಬಂದ ಹಿಟ್ಟನ್ನು ಬೇರೆ ತೆಗೆದಿಟ್ಟು, ಆಮೇಲಷ್ಟೇ ಅವರ ಅಕ್ಕಿಗೆ ಕೈ ಹಾಕಬೇಕು. ಅದಕ್ಕೆ ಅವರು ಇಟ್ಟ ಹೆಸರು ಕಲ್ಲು ತೊಳೆಯುವ ಅಕ್ಕಿ. ಹಿಂದಿನವರು ಯಾರೇ ಇದ್ದರೂ, ಅವರ ಸ್ವಂತ ತಂಗಿಯೇ ಇದ್ದರೂ, ಕಲ್ಲು ತೊಳೆಯದೆ ಅವರ ಅಕ್ಕಿ ಬೀಸಿದ್ದಿಲ್ಲ.

ಆ ವರ್ಷ ಶ್ರಾವಣದ ಮೊದಲ ವಾರದಲ್ಲೇ ತಕರಾರು ಶುರುವಾಯಿತು. ಹಿಟ್ಟು ತರಿತರಿ ಆಗಿದೆ, ಕಡುಬು ಒಡೆಯುತ್ತಿದೆ ಎಂದು ಒಬ್ಬರಾದ ಮೇಲೆ ಒಬ್ಬರು ಬಂದರು. ನಾನು ಅಕ್ಕಿಯನ್ನು ಬೈದೆ, ಕರೆಂಟನ್ನು ಬೈದೆ, ನೆನೆಸಿದ ಅಕ್ಕಿಯನ್ನು ಸರಿಯಾಗಿ ಆರಿಸುವುದಿಲ್ಲ ಎಂದು ಹೆಂಗಸರನ್ನೂ ಬೈದೆ. ಹೆಂಡತಿ ಗಿರಿಜಾ ಒಮ್ಮೆ ಒಳಗೆ ಬಂದು ನಿಂತವಳು, ‘ರೀ, ನೆಲ ಯಾಕೋ ಜಾಸ್ತಿ ಅದುರ್ತಾ ಇದೆ. ಕಲ್ಲಿನ ಹಲ್ಲು ಕುಟ್ಟಿಸಬೇಕೇನೋ’ ಎಂದಳು. ಹೊಳಲೂರಿನ ಹೊಲದ ಮನೆಯಲ್ಲಿ ಬೆಳೆದವಳಿಗೆ ಕಲ್ಲಿನ ವಿಷಯ ಏನು ಗೊತ್ತು ಎಂದುಕೊಂಡೆ. ನನ್ನ ಕಾಲಿಗೆ ಏನೂ ತಿಳಿಯುತ್ತಿರಲಿಲ್ಲ. ತಿಳಿಯುತ್ತಿಲ್ಲ ಎಂದರೆ ಎಲ್ಲ ಸರಿಯಿದೆ ಎಂದೇ ನನ್ನ ಲೆಕ್ಕ. ಕಾಲೇ ಸುಮ್ಮನಾಗಿರಬಹುದು ಎಂದು ಹೊಳೆಯಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಿರಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೋಡಿದರೆ ಅಕ್ಕಿ ಬೀಸುವ ಕಡೆಯ ನೆಲದ ಮೇಲೆ, ಬಿಳಿ ಹಿಟ್ಟಿನ ನಡುವೆ, ಕೆಂಪು ಕೆಂಪಗೆ ಏನೋ ಉದುರಿದೆ. ಅಕ್ಕಿ ಹಿಟ್ಟಿಗೆ ಖಾರದ ಪುಡಿ ಬೆರೆತರೆ ಮುಗಿಯಿತು ಕತೆ. ಮೆಣಸಿನಕಾಯಿ ತಂದಿದ್ದ ಹೆಂಗಸೊಬ್ಬಳನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡೆ. ಅವಳು ತಾನು ಈ ಕಡೆ ಬಂದೇ ಇಲ್ಲವೆಂದು ಅಳುಮೋರೆ ಮಾಡಿದಳು. ನಾನು ಕಸಬರಿಗೆ ತಂದು ಗುಡಿಸಿದೆ. ತಿರುಗಿ ನೋಡಿದರೆ ಗುಡಿಸಿದ ಜಾಗದಲ್ಲೇ ಮತ್ತೆ ಕೆಂಪು. ಬೆಂಚಿನ ಮೇಲೆ ಕುಳಿತಿದ್ದ ಸುಶೀಲಮ್ಮ ಕನ್ನಡಕ ಏರಿಸಿಕೊಂಡು ನೆಲವನ್ನೇ ನೋಡುತ್ತಿದ್ದರು.

‘ಮಹೇಶ, ಸಿಟ್ಟು ಆಮೇಲೆ ಮಾಡ್ಕೊ. ಆ ಖಾರದ ಪುಡಿಗೆ ಐದು ಬೆರಳಿದೆ ನೋಡು’ ಎಂದರು.

ಅದು ನನ್ನದೇ ಬಲಗಾಲಿನ ಗುರುತು. ಕೂತು ಅಂಗಾಲು ತಿರುಗಿಸಿದರೆ ಹೆಬ್ಬೆರಳ ಬುಡದಲ್ಲಿ ತಂತಿಯ ಚೂರೊಂದು ಹೂತು ಕುಳಿತಿತ್ತು. ಅದರ ಹಿಂದಿನ ದಿನ ಬೆಲ್ಟಿನ ಜೋಡಣೆ ಬಿಚ್ಚಿ ಹೊಸ ಕೊಕ್ಕೆ ಹಾಕಿದ್ದೆ. ಹಳೆಯ ಕೊಕ್ಕೆಯ ತುಂಡು ಅದು. ಒಂದು ಹಗಲು, ಒಂದು ರಾತ್ರಿ, ಮತ್ತೆ ಅರ್ಧ ದಿನ ಅದರ ಮೇಲೆ ನಿಂತು ಜನರನ್ನು ಬೈದಿದ್ದೆ. ಗಿರಿಜಾ ಅದನ್ನು ಚಿಮಟದಲ್ಲಿ ಎಳೆದು ತೆಗೆದಾಗಲೂ ನೋವಾಗಲಿಲ್ಲ. ನನಗೆ ಹೆದರಿಕೆಯಾದದ್ದು ಆಗಲೇ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಸಕ್ಕರೆ ಕಾಯಿಲೆ ಎಂದರು. ಬಂದು ವರ್ಷಗಳೇ ಆಗಿರಬೇಕು, ಕಾಲಿನ ನರಗಳು ಆಗಲೇ ಸತ್ತಿವೆ ಎಂದರು. ಗಾಯ ಮೂಳೆಯ ಹತ್ತಿರ ಹೋಗಿತ್ತು. ಈ ಸಲ ಬೆರಳು ಉಳಿಯಬಹುದು, ಮತ್ತೊಮ್ಮೆ ಒಡೆದು ಕೀವಾದರೆ ತೆಗೆಯಬೇಕು, ತೆಗೆದ ಮೇಲೆ ಬೆರಳಿಗೇ ನಿಲ್ಲುತ್ತದೆಂದು ನಾನು ಮಾತು ಕೊಡಲಾರೆ ಎಂದು ಮುಖಕ್ಕೆ ಹೇಳಿಬಿಟ್ಟರು. ಇನ್ನು ಮುಂದೆ ಮನೆಯಲ್ಲಾಗಲಿ ಗಿರಣಿಯಲ್ಲಾಗಲಿ ಬರಿಗಾಲಿನಲ್ಲಿ ಒಂದು ಹೆಜ್ಜೆಯೂ ಕೂಡದು. ಅಂಗಡಿಯ ಚಪ್ಪಲಿ ಆಗದು, ಅದರಲ್ಲಿ ಮೊಳೆ ಇರುತ್ತದೆ. ಭದ್ರಾವತಿಯಲ್ಲಿ ಚಿನ್ನಪ್ಪ ಎಂಬವನು ಮೆತ್ತನೆಯ ರಬ್ಬರಿನಲ್ಲಿ ಅಳತೆಗೆ ಮಾಡಿಕೊಡುತ್ತಾನೆ, ಅವನ ಹತ್ತಿರ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಮೂರು ವಾರ ಮಂಚದ ಮೇಲೆ ಮಲಗಿದೆ. ಗಿರಣಿಯನ್ನು ಗಿರಿಜಾ ನಡೆಸಿದಳು. ಮೊದಲ ದಿನವೇ ಕಲ್ಲು ಕುಟ್ಟಿಸಿದಳು. ಹಿಟ್ಟಿನ ತಕರಾರು ನಿಂತುಹೋಯಿತು.

ಗಣೇಶನ ಹಬ್ಬ ಮುಗಿದ ಮೇಲೆ ಭದ್ರಾವತಿಗೆ ಹೋದೆ. ಬಸ್ಸು ಹೊಳೆಯ ಸೇತುವೆ ದಾಟುವಾಗ ಕಾರ್ಖಾನೆಯ ಸೈರನ್ ಕೂಗಿತು. ಪೇಟೆಯ ಹಿಂದೆ, ತಮಿಳು ಮಾತೇ ಹೆಚ್ಚು ಕೇಳುವ ಒಂದು ಕೇರಿಯ ತುದಿಯಲ್ಲಿ, ತಗಡಿನ ಶೆಡ್ಡು. ಒಳಗೆ ಉಜ್ಜಿದ ರಬ್ಬರಿನ ವಾಸನೆ, ಸಲ್ಯೂಷನ್ನಿನ ಘಾಟು. ಐವತ್ತು ದಾಟಿದ, ತೆಳ್ಳಗಿನ ಮನುಷ್ಯ ಬೆನ್ನು ಬಾಗಿಸಿ ಕೆಲಸ ಮಾಡುತ್ತಿದ್ದ. ಅವನ ಕೈ ನೋಡಿದೆ. ಬೆರಳುಗಳು ಗೆಣ್ಣಿನವರೆಗಷ್ಟೇ ಇದ್ದವು, ಇದ್ದಷ್ಟೂ ಒಳಕ್ಕೆ ಮಡಿಚಿಕೊಂಡಿದ್ದವು. ಕತ್ತಿಯ ಹಿಡಿಗೆ ಬಟ್ಟೆ ಸುತ್ತಿ, ಅದನ್ನು ಟ್ಯೂಬಿನ ಪಟ್ಟಿಯಿಂದ ಮಣಿಕಟ್ಟಿಗೆ ಬಿಗಿದುಕೊಂಡಿದ್ದ. ಕುಷ್ಠ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅದು ವಾಸಿಯಾಗಿ ಇಪ್ಪತ್ತು ವರ್ಷವಾಯಿತೆಂದೂ, ಆಸ್ಪತ್ರೆಯಲ್ಲಿದ್ದಾಗಲೇ ಈ ಕೆಲಸ ಕಲಿತದ್ದೆಂದೂ ಅವನೇ ಹೇಳಿದ. ಮಾತ್ರೆಗೆ ವಾಸಿಯಾಗುವ ಕಾಯಿಲೆ, ಆದ ಮೇಲೆ ಅಂಟುವುದಿಲ್ಲ ಎಂದು ನಾನೂ ಓದಿದ್ದೆ. ಓದಿದ್ದು ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ. ನಾನು ಬಾಗಿಲ ಹತ್ತಿರವೇ ನಿಂತೆ.

ಅವನ ಹೆಂಡತಿ ಸ್ಟೀಲ್ ಲೋಟದಲ್ಲಿ ಟೀ ತಂದರು. ಶುಗರ್ ಇದೆ, ಟೀ ಕುಡಿಯುವುದಿಲ್ಲ ಎಂದೆ. ಚಿನ್ನಪ್ಪ ತಲೆ ಎತ್ತದೆ ರಬ್ಬರು ಕತ್ತರಿಸುತ್ತಲೇ ಹೇಳಿದ:

‘ಸಕ್ಕರೆ ಹಾಕಿಲ್ಲ ಸಾವ್ಕಾರ್ರೇ.’

ಅವನ ಗಿರಾಕಿಗಳಲ್ಲಿ ಅರ್ಧ ಜನ ನನ್ನಂಥವರೇ, ಅವರಿಗೆಂದೇ ಆ ಮನೆಯಲ್ಲಿ ಸಕ್ಕರೆ ಇಲ್ಲದ ಟೀ ಮಾಡುವುದು ಎಂದು ಆಮೇಲೆ ಗೊತ್ತಾಯಿತು. ಆ ದಿನ ಮಾತ್ರ ನಾನು ಬೇಡ, ಈಗಷ್ಟೇ ಆಯಿತು ಎಂದು ಇನ್ನೊಂದು ಸುಳ್ಳು ಹೇಳಿದೆ. ಆ ತಾಯಿ ಲೋಟವನ್ನು ಒಳಗೆ ತೆಗೆದುಕೊಂಡು ಹೋದರು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಚಿನ್ನಪ್ಪ ನನ್ನನ್ನು ಒದ್ದೆ ಕಾಲಿನಲ್ಲಿ ಕಂದು ಕಾಗದದ ಮೇಲೆ ನಿಲ್ಲಿಸಿ ಗುರುತು ತೆಗೆದುಕೊಂಡ. ಭಾರ ಎಲ್ಲಿ ಬೀಳುತ್ತದೆ ಎಂದು ನೋಡಿ ಅಲ್ಲಿ ರಬ್ಬರು ಕೊರೆದ. ಒಂದು ಮೊಳೆಯಿಲ್ಲ, ಎಲ್ಲ ಅಂಟು ಮತ್ತು ಹೊಲಿಗೆ. ಹಿಮ್ಮಡಿಯ ಹಿಂದೆ ಒಂದು ಪಟ್ಟಿ. ಪ್ರತಿದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು, ಕಾಲನ್ನು ಕೇಳಿದರೆ ಅದು ಏನೂ ಹೇಳುವುದಿಲ್ಲ, ಕಣ್ಣಿಂದಲೇ ನೋಡಬೇಕು ಎಂದು ಹೇಳಿಕೊಟ್ಟ. ನಾನು ಹೂಂಗುಟ್ಟಿ, ಚಪ್ಪಲಿ ಹಾಕಿಕೊಂಡು ಹೊರಟೆ.

ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಹಣ್ಣಿನ ಗಾಡಿಯವನೊಬ್ಬ ನನ್ನ ಕಾಲು ನೋಡಿದ, ಆಮೇಲೆ ನನ್ನ ಕೈ ನೋಡಿದ, ಆಮೇಲೆ ಮುಖ ತಿರುಗಿಸಿಕೊಂಡ. ಆ ಕಾಲದಲ್ಲಿ ಅಂಥ ಕಪ್ಪು ರಬ್ಬರಿನ, ಹಿಂದೆ ಪಟ್ಟಿಯಿರುವ ಚಪ್ಪಲಿ ಎಂದರೆ ಜನಕ್ಕೆ ಒಂದೇ ಕಾಯಿಲೆ ಗೊತ್ತಿದ್ದದ್ದು. ಹಿಟ್ಟಿನ ಗಿರಣಿಯವನ ಕಾಲಲ್ಲಿ ಆ ಚಪ್ಪಲಿ ಕಂಡರೆ ದುರ್ಗಿಗುಡಿಯಲ್ಲಿ ಯಾರು ಡಬ್ಬಿ ತರುತ್ತಾರೆ? ಅಲ್ಲೇ ಬಿಚ್ಚಿ ಬಟ್ಟೆಚೀಲಕ್ಕೆ ಹಾಕಿದೆ. ಚೀಲವನ್ನು ಮನೆಯಲ್ಲಿ ಗೂಟಕ್ಕೆ ನೇತುಹಾಕಿದೆ. ಗಿರಿಜಾ ಕೇಳಿದಾಗಲೆಲ್ಲ ಗಿರಣಿಯಲ್ಲಿ ಅಪ್ಪನ ನಿಯಮವಿದೆಯಲ್ಲ ಎಂದು ಗೋಡೆಯ ಬರಹ ತೋರಿಸುತ್ತಿದ್ದೆ. ಅಪ್ಪನ ಮರೆಯಲ್ಲಿ ಅಡಗಿಕೊಳ್ಳುವುದು ಸುಲಭವಾಗಿತ್ತು.

ನವರಾತ್ರಿಯ ನಡುವೆ ಗಾಯ ಮತ್ತೆ ಬಾಯಿಬಿಟ್ಟಿತು. ಈ ಸಲ ನಾನೇ ಕನ್ನಡಿಯಲ್ಲಿ ಕಂಡೆ, ಕಂಡು ಎರಡು ದಿನ ಯಾರಿಗೂ ಹೇಳಲಿಲ್ಲ. ಡಾಕ್ಟರು ನೋಡಿ ಇನ್ನೂ ಮೇಲ್ಮೇಲೆ ಇದೆ, ಒಂದು ವಾರ ತಡವಾಗಿದ್ದರೆ ಬೆರಳು ಹೋಗುತ್ತಿತ್ತು ಎಂದರು. ಪಾಪ, ಅವರು ಚಪ್ಪಲಿಯೇ ಒತ್ತುತ್ತಿದೆ ಎಂದು ತಿಳಿದು, ಚಿನ್ನಪ್ಪನಿಗೆ ತೋರಿಸಿ ಸರಿಮಾಡಿಸಿಕೊಳ್ಳಿ ಎಂದರು. ಅವರೆದುರು ನಿಜ ಹೇಳುವ ಧೈರ್ಯವಾಗದೆ ಚೀಲ ಹಿಡಿದು ಮತ್ತೆ ಭದ್ರಾವತಿಗೆ ಹೋದೆ.

ಚಪ್ಪಲಿ ಒತ್ತುತ್ತದೆ ಎಂದೆ. ಚಿನ್ನಪ್ಪ ಅದನ್ನು ಮುಂಗೈಗಳ ನಡುವೆ ಹಿಡಿದು ತಿರುಗಿಸಿ ಅಡಿ ನೋಡಿದ. ತಿಂಗಳ ಹಿಂದೆ ಅವನೇ ಉಜ್ಜಿದ ಗೆರೆಗಳು ಹಾಗೇ ಇದ್ದವು.

‘ಇದು ನಡೆದೇ ಇಲ್ಲ ಸಾವ್ಕಾರ್ರೇ’ ಎಂದ. ಅವನು ಚಪ್ಪಲಿಯನ್ನು ಪಕ್ಕಕ್ಕಿಟ್ಟು ತನ್ನ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದ. ‘ನೋಡಿ. ಈ ಬೆರಳು ತಿಂದಿದ್ದು ಕಾಯಿಲೆ ಅಲ್ಲ. ಬಿಸಿ ಲೋಟ ಹಿಡಿದೆ, ಗೊತ್ತಾಗಲಿಲ್ಲ. ಬೀಡಿ ಸುಟ್ಟಿತು, ಗೊತ್ತಾಗಲಿಲ್ಲ. ಗೊತ್ತಾದ ಮೇಲಾದ್ರೂ ತೋರಿಸಬೇಕಿತ್ತು. ಜನ ನೋಡ್ತಾರೆ ಅಂತ ಟವೆಲ್ ಸುತ್ಕೊಂಡು ಮುಚ್ಚಿಟ್ಟೆ. ಮುಚ್ಚಿಟ್ಟು ಮುಚ್ಚಿಟ್ಟು ಹತ್ತೂ ಹೋಯ್ತು. ನಿಮ್ಮದು ಇನ್ನೂ ಹತ್ತಿದೆ.’

ಅವನ ದನಿಯಲ್ಲಿ ಸಿಟ್ಟಿತ್ತು. ಬೈಸಿಕೊಂಡು ಅಭ್ಯಾಸವಿಲ್ಲದ ನನಗೆ ಕಣ್ಣು ತುಂಬಿತು. ಅಲ್ಲೇ ಚಪ್ಪಲಿ ಹಾಕಿಕೊಂಡು ಬಸ್ಸು ಹತ್ತಿದೆ. ಆ ದಿನವೂ ಟೀ ಕುಡಿಯಲಿಲ್ಲ. ಈ ಸಲ ಅವನು ಕೊಡಲೂ ಇಲ್ಲ.

ಅಂದಿನಿಂದ ಬರಿಗಾಲಿನಲ್ಲಿ ನಡೆಯಲಿಲ್ಲ, ನಿಜ. ಆದರೆ ಗಿರಣಿಯ ಒಳಗೂ ಹೋಗಲಿಲ್ಲ. ಹೊಸ್ತಿಲ ಹೊರಗೆ ಒಂದು ಕುರ್ಚಿ ಹಾಕಿಕೊಂಡು, ಪಂಚೆಯನ್ನು ಕಾಲಿನ ಮೇಲೆ ಇಳಿಬಿಟ್ಟು, ಚಪ್ಪಲಿ ಮುಚ್ಚಿಕೊಂಡು ಕೂರುತ್ತಿದ್ದೆ. ಕಾಲೂ ಉಳಿಯಿತು, ಅಪ್ಪನ ಮಾತೂ ಉಳಿಯಿತು, ಜನರ ಬಾಯಿಗೂ ಬೀಳಲಿಲ್ಲ ಎಂದು ನನ್ನ ಲೆಕ್ಕಾಚಾರ. ಒಳಗೆ ಗಿರಿಜಾ ಒಬ್ಬಳೇ ಡಬ್ಬಿ ಎತ್ತುತ್ತಾ, ಬೆಲ್ಟು ಸರಿಮಾಡುತ್ತಾ ಸುಸ್ತಾಗುತ್ತಿದ್ದಳು. ನಾನು ಹೊರಗಿನಿಂದ ಅದು ಮಾಡು, ಇದು ಮಾಡು ಎಂದು ಕೂಗುತ್ತಿದ್ದೆ. ಇಪ್ಪತ್ತು ವರ್ಷ ಜನರನ್ನು ಯಾವ ಹೊಸ್ತಿಲಲ್ಲಿ ತಡೆದಿದ್ದೆನೋ ಅದೇ ಹೊಸ್ತಿಲು ನನ್ನನ್ನು ತಡೆದಿತ್ತು. ಇನ್ನು ಸಾಯುವವರೆಗೂ ಹೀಗೆಯೇ ಎಂದರೆ ಗಿರಣಿ ಮಾರುವುದೇ ಸರಿ ಎಂದು ಒಂದಿಬ್ಬರ ಹತ್ತಿರ ಮಾತೂ ಆಡಿದೆ.

ದೀಪಾವಳಿಗೆ ನಾಲ್ಕು ದಿನವಿತ್ತು. ಚಕ್ಕುಲಿ ಹಿಟ್ಟಿನ ಕಾಲ. ಡಬ್ಬಿಗಳ ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ರಸ್ತೆಯ ಆಚೆ ಬದಿಯಲ್ಲಿ ಚಿನ್ನಪ್ಪ ನಿಂತಿರುವುದು ಕಂಡಿತು. ಒಂದು ತೋಳಿಗೆ ಸಣ್ಣ ಚೀಲ ನೇತುಹಾಕಿಕೊಂಡಿದ್ದ. ಕಾಲಲ್ಲಿ ಅದೇ ಕಪ್ಪು ಚಪ್ಪಲಿ. ನಾನು ಕೈಬೀಸಿದ ಮೇಲೆ ಈ ಕಡೆ ಬಂದ, ಆದರೂ ಮೆಟ್ಟಿಲು ಹತ್ತಲಿಲ್ಲ. ಡಾಕ್ಟರ ಹತ್ತಿರ ಬಂದಿದ್ದೆ, ನಿಮ್ಮ ಚಪ್ಪಲಿ ನಡೆಯುತ್ತಿದೆಯೇ ನೋಡಿ ಹೋಗೋಣ ಎಂದುಕೊಂಡೆ, ಜೊತೆಗೆ ಎರಡು ಸೇರು ಗೋಧಿ ಇದೆ ಎಂದ. ಗೋಧಿಯನ್ನು ಹೊರಗೇ ಕೊಡುತ್ತೇನೆ, ಎಲ್ಲರದೂ ಮುಗಿದ ಮೇಲೆ ಕೊನೆಗೆ ಹಾಕಿಸಿ ಎಂದ. ತನ್ನ ಕೇರಿಯಲ್ಲೂ ಅವನು ಹಿಟ್ಟಿಗೆ ಬೇರೆಯವರನ್ನೇ ಕಳಿಸುವುದಂತೆ. ಗಿರಣಿಯ ಒಳಗೆ ಹೇಗಿರುತ್ತದೆ ಎಂದು ಅವನು ಕಾಯಿಲೆ ಬಂದಂದಿನಿಂದ ನೋಡಿರಲಿಲ್ಲ.

ಆಮೇಲೆ ನನ್ನ ಕುರ್ಚಿ ನೋಡಿದ, ಗೋಡೆಯ ಬರಹ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

‘ನಾನು ಮೂವತ್ತು ವರ್ಷದಿಂದ ಹೊರಗೇ ನಿಂತಿದ್ದೀನಿ ಸಾವ್ಕಾರ್ರೇ’ ಎಂದ. ‘ನಿಮಗೆ ಇದು ಅಭ್ಯಾಸ ಆಗೋದು ಬೇಡ.’

ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ ಹೇಳಿದ ಮಾತು. ನಾನು ಎದ್ದು ನಿಂತೆ. ಪಂಚೆಯನ್ನು ಮೇಲೆತ್ತಿ ಕಟ್ಟಿದೆ. ಚಪ್ಪಲಿಗಾಲಿನಲ್ಲಿ ಹೊಸ್ತಿಲು ದಾಟಿ ಒಳಗೆ ಹೋಗಿ, ತಿರುಗಿ ನಿಂತು ಕರೆದೆ.

‘ಬನ್ನಿ ಚಿನ್ನಪ್ಪಣ್ಣ. ಹಾಗೇ ಬನ್ನಿ, ಚಪ್ಪಲಿ ಬಿಡಬೇಡಿ.’

ಅವರು ಎರಡು ಸಲ ನನ್ನ ಮುಖ ನೋಡಿ ಮೆಟ್ಟಿಲು ಹತ್ತಿದರು. ಅಂದಿನಿಂದ ನನಗೆ ಅವರು ಏಕವಚನದಲ್ಲಿ ಬಾಯಿಗೆ ಬಂದಿಲ್ಲ. ಮೋಟಾರಿನ ಸದ್ದೊಂದೇ. ಎಲ್ಲರ ಕಣ್ಣು ನಮ್ಮ ನಾಲ್ಕು ಕಾಲಿನ ಮೇಲೆ, ಆಮೇಲೆ ಅವರ ಕೈಯ ಮೇಲೆ. ಗಿರಿಜಾ ಅವರ ತೋಳಿನಿಂದ ಚೀಲ ತೆಗೆದುಕೊಂಡು ಗೋಧಿಯನ್ನು ಯಂತ್ರಕ್ಕೆ ಸುರಿದಳು. ಎಲ್ಲರೂ ಕಾಯುತ್ತಿರುವಾಗ ಮೊದಲು ಅವರದು. 

ಸಾಲಿನಲ್ಲಿ ಮೊದಲಿದ್ದ ಹೆಂಗಸು ತನ್ನ ಡಬ್ಬಿಯನ್ನು ಕಾಲಿನಿಂದ ಹಿಂದಕ್ಕೆ ಸರಿಸಿದಳು. ಎರಡನೆಯವರೂ ಸರಿಸಿದರು. ಇನ್ನೊಬ್ಬರು ಡಬ್ಬಿ ಎತ್ತಿಕೊಂಡು ಹೊರಟೇಹೋದರು. ಗೋಧಿ ಬೀಸಿ ಮುಗಿಯುತ್ತಾ ಬಂತು, ಕಲ್ಲಿನ ಮುಂದಿನ ಜಾಗ ಖಾಲಿಯಾಗಿತ್ತು. ಚಿನ್ನಪ್ಪಣ್ಣ ನೆಲ ನೋಡುತ್ತಾ ನಿಂತಿದ್ದರು. ಕರೆದು ಅವಮಾನ ಮಾಡಿದೆನಲ್ಲ ಎಂದು ನನಗೆ ಸಂಕಟವಾಯಿತು. ಗಿರಣಿಯ ಕತೆ ಇಲ್ಲಿಗೆ ಮುಗಿಯಿತು ಎಂದೂ ಅನ್ನಿಸಿತು.

ಬೆಂಚಿನಿಂದ ಸುಶೀಲಮ್ಮ ಎದ್ದರು. ಸಾಲಿನಲ್ಲಿ ಅವರದು ಏಳನೆಯದೋ ಎಂಟನೆಯದೋ. ಡಬ್ಬಿಯನ್ನು ತಾವೇ ಎತ್ತಿಕೊಂಡು ಬಂದು ಕಲ್ಲಿನ ಮುಂದೆ ಇಟ್ಟರು. ಗಿರಿಜಾ ಎಂದಿನಂತೆ ಅವರ ಬಟ್ಟೆಗಂಟಿಗೆ ಕೈ ಚಾಚಿದಳು. ಅವರು ಗಂಟನ್ನು ಸೆರಗಿನೊಳಗೆ ಸೇರಿಸಿಕೊಂಡರು.

‘ಇವತ್ತು ಕಲ್ಲು ತೊಳೆಯೋದು ಬೇಡಮ್ಮ’ ಎಂದರು, ಕ್ಲಾಸಿನ ಕೊನೆಯ ಬೆಂಚಿಗೂ ಕೇಳಿಸುವ ಹಳೆಯ ದನಿಯಲ್ಲಿ. ‘ನೇರ ಹಾಕು.’

ಗಿರಿಜಾ ಹಾಕಿದಳು. ಬಿಳಿ ಅಕ್ಕಿ ಹಿಟ್ಟಿನ ಮೊದಲ ಹಿಡಿ ಗೋಧಿಯ ಕಂದು ಬಣ್ಣದಲ್ಲೇ ಬಂದು ಅವರ ಡಬ್ಬಿಗೆ ಬಿತ್ತು. ಸುಶೀಲಮ್ಮ ಅದಕ್ಕೆ ಕೈ ಹಾಕಿ ಹೆಬ್ಬೆರಳಿನಿಂದ ಉಜ್ಜಿ ನೋಡಿ, ನುಣ್ಣಗಿದೆ ಎಂದರು. ಅವರ ಹಿಂದೆ ಇನ್ನೊಂದು ಡಬ್ಬಿ ಬಂತು. ಅದರ ಹಿಂದೆ ಮತ್ತೊಂದು. ನಾನು ಮೆಣಸಿನಕಾಯಿ ಯಂತ್ರದ ಕಡೆ ಹೋಗಿ ಮುಖ ಒರೆಸಿಕೊಂಡೆ. ಕೇಳಿದ್ದರೆ ಖಾರದ ಘಾಟು ಎನ್ನಬಹುದಿತ್ತು, ಯಾರೂ ಕೇಳಲಿಲ್ಲ.

ಎರಡು ಮನೆಯವರು ಆಮೇಲೆ ಬೇರೆ ಗಿರಣಿಗೆ ಹೋದರು. ಒಂದು ಮನೆಯವರು ಯುಗಾದಿಯ ಹೊತ್ತಿಗೆ, ಅಲ್ಲಿ ಹಿಟ್ಟು ನುಣ್ಣಗಾಗುವುದಿಲ್ಲ ಎಂದು ಗೊಣಗುತ್ತಾ ವಾಪಸು ಬಂದರು. ದೀಪಾವಳಿಯ ದಿನ ಸುಶೀಲಮ್ಮ ಕಳಿಸಿದ ಚಕ್ಕುಲಿ ಎಂದಿಗಿಂತ ತುಸು ಕಪ್ಪಗಿತ್ತು. ಕಾರ್ತಿಕ ಮುಗಿಯುವ ಹೊತ್ತಿಗೆ ಗಾಯ ಮಾಗಿತು. ಗೋಡೆಯ ಮೇಲೆ ಅಪ್ಪನ ಬರಹ ಹಾಗೇ ಇದೆ. ಅದರ ಕೆಳಗೆ ಗಿರಿಜಾ ಸಣ್ಣಗೆ ‘ಬಿಡಲಾಗದವರು ಕಾಲು ಒರೆಸಿಕೊಂಡು ಬನ್ನಿ’ ಎಂದು ಸೇರಿಸಿದ್ದಾಳೆ, ಪಕ್ಕದಲ್ಲಿ ಒಂದು ಒದ್ದೆ ಗೋಣಿತಾಟು. ಕಲ್ಲಿನ ನಡುಕ ನೋಡುವ ಕೆಲಸ ಈಗ ಅವಳ ಅಂಗಾಲಿನದು. ಅವಳು ಮೋಟಾರು ಆರಿಸಿದರೆ ನಾನು ಎದುರು ಮಾತಾಡುವುದಿಲ್ಲ.

ಪಂಚರ್ ಅಂಗಡಿಯಿಂದ ಹೊರಟು ಭದ್ರಾವತಿ ಮುಟ್ಟುವಾಗ ಹೊತ್ತು ನೆತ್ತಿಗೇರಿತ್ತು. ಸೋಮವಾರ ಗಿರಣಿಗೆ ರಜೆ, ನಾನು ಹೋಗುವುದು ಚಿನ್ನಪ್ಪಣ್ಣನ ಮನೆಗೆ. ಅವರು ಈಗ ಚಪ್ಪಲಿ ಮಾಡುವುದಿಲ್ಲ. ಆ ಹಳೆಯ ಕಾಯಿಲೆ ರೆಪ್ಪೆಗಳನ್ನೂ ಬಿಟ್ಟಿರಲಿಲ್ಲ. ಕಣ್ಣು ಸರಿಯಾಗಿ ಮುಚ್ಚದೆ ಒಣಗಿ ಒಣಗಿ, ಎರಡು ವರ್ಷದಿಂದ ಏನೂ ಕಾಣುವುದಿಲ್ಲ. ಹೆಂಡತಿ ಇರುವವರೆಗೆ ಸಂಜೆ ಅವರ ಕಾಲನ್ನು ಆಕೆಯೇ ನೋಡಿ ಹೇಳುತ್ತಿದ್ದರು. ಆಕೆ ಹೋದ ವರ್ಷ ತೀರಿಕೊಂಡರು. ಪಕ್ಕದ ಮನೆಯಾಕೆ ಅಡುಗೆ ಮಾಡಿಡುತ್ತಾಳೆ, ಕಾಲೂ ನೋಡುತ್ತಾಳೆ, ಆದರೆ ದೂರದಿಂದಲೇ ನೋಡಿ ಚೆನ್ನಾಗಿದೆ ಅಂದುಬಿಡುತ್ತಾಳೆ ಎಂದು ಇವರಿಗೆ ಅನುಮಾನ.

ನಾನು ನೆಲದ ಮೇಲೆ ಕೂತು ಅವರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಒಂದೊಂದೇ ಬೆರಳ ಸಂದಿ ಬಿಡಿಸಿ, ಹಿಮ್ಮಡಿ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದೆ. ಎಡಗಾಲಿನ ಕಿರುಬೆರಳ ಕೆಳಗೆ ಕೆಂಪಗಾಗಿತ್ತು. ಹೇಳಿದೆ. ಎಷ್ಟಗಲ ಎಂದು ಕೇಳಿದರು. ಒಂದು ಹೆಸರುಕಾಳಿನಷ್ಟು ಎಂದೆ. ಹಾಗಾದರೆ ನಾಲ್ಕು ದಿನ ನಡೆಯುವುದಿಲ್ಲ ಎಂದರು. ಆಮೇಲೆ ಪ್ರತಿ ಸಲದಂತೆ ನನ್ನದು ಕೇಳಿದರು. ಹತ್ತೂ ಇದೆ ಎಂದೆ.

ಪಕ್ಕದ ಮನೆಯಾಕೆ ಎರಡು ಸ್ಟೀಲ್ ಲೋಟದಲ್ಲಿ ಟೀ ತಂದಿಟ್ಟಳು. ಅದೇ ಹಳೆಯ ಲೋಟಗಳು. ಚಿನ್ನಪ್ಪಣ್ಣ ನನ್ನ ಕಡೆ ಮುಖ ತಿರುಗಿಸಿದರು, ಕಾಣದ ಕಣ್ಣಿನ ಸುತ್ತ ನಗು ಇತ್ತು.

‘ಸಕ್ಕರೆ ಹಾಕಿಲ್ಲ ಸಾವ್ಕಾರ್ರೇ’ ಎಂದರು.

ಲೋಟ ಎತ್ತಿ ಅವರ ಎರಡೂ ಮುಂಗೈಗಳ ನಡುವೆ ಇಟ್ಟೆ. ಇಡುವ ಮೊದಲು, ಬಿಸಿ ಎಷ್ಟಿದೆ ಎಂದು ನನ್ನ ಬೆರಳಿಂದ ಮುಟ್ಟಿ ನೋಡಿದೆ.